ಲೆಕ್ಕದಲ್ಲಿ ತಗ್ಗಿದಷ್ಟು ಮಾಲಿನ್ಯ ನೀರಿನಲ್ಲಿ ತಗ್ಗದಿದ್ದಾಗ

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಆರು ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಮಳೆನೀರು ಹರಿದು ಬರುತ್ತದೆ. ಸುಮಾರು 1,66,000 ಚದರ ಕಿಲೋಮೀಟರ್ ವಿಸ್ತಾರದ, ಕರ್ನಾಟಕಕ್ಕಿಂತ ತುಸು ಚಿಕ್ಕದಾದ ಈ ಜಲಾನಯನ ಪ್ರದೇಶದಲ್ಲಿ 1.8 ಕೋಟಿಗೂ ಹೆಚ್ಚು ಜನ ವಾಸವಾಗಿದ್ದಾರೆ. ಹೊಲಕ್ಕೆ ಹಾಕಿದ ರಸಗೊಬ್ಬರ, ಕೋಳಿ ಮತ್ತು ದನದ ಫಾರಂಗಳ ಗೊಬ್ಬರ, ಊರುಗಳ ಕೊಳಚೆ, ರಸ್ತೆ ಮತ್ತು ಛಾವಣಿಗಳ ಮೇಲಿಂದ ಮಳೆ ತೊಳೆದೊಯ್ಯುವ ಮಣ್ಣು ಮತ್ತು ಕೊಳೆ, ಇವೆಲ್ಲವೂ ಸಾರಜನಕ ಮತ್ತು ರಂಜಕದ ರೂಪದಲ್ಲಿ ಕೊನೆಗೆ ಕೊಲ್ಲಿಯನ್ನು ಸೇರುತ್ತವೆ. ಅದರಿಂದ ಪಾಚಿ ಮಿತಿಮೀರಿ ಬೆಳೆಯುತ್ತದೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು, ಪ್ರತಿ ಬೇಸಿಗೆಯಲ್ಲೂ ಕೊಲ್ಲಿಯ ಆಳದಲ್ಲಿ ಏಡಿ, ಸಿಂಪಿ, ಮೀನು ಯಾವುದೂ ಬದುಕಲಾಗದ ನಿರ್ಜೀವ ವಲಯ ಉಂಟಾಗುತ್ತದೆ.

ಇದನ್ನು ಸರಿಪಡಿಸುವ ಮೊದಲ ಒಪ್ಪಂದಕ್ಕೆ ರಾಜ್ಯಗಳು 1983ರಲ್ಲಿ ಸಹಿ ಹಾಕಿದವು. ಸ್ವಇಚ್ಛೆಯ ಒಪ್ಪಂದಗಳು ಒಂದಾದ ಮೇಲೊಂದು ಗುರಿ ತಪ್ಪಿದ ನಂತರ, 2010ರ ಡಿಸೆಂಬರ್ 29ರಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಲ್ಲಿ ತಾಳಿಕೊಳ್ಳಬಲ್ಲ ಮಾಲಿನ್ಯಕ್ಕೆ ಒಂದು ಮಿತಿಯನ್ನೇ ನಿಗದಿ ಮಾಡಿತು. ವರ್ಷಕ್ಕೆ ಸುಮಾರು 8.4 ಕೋಟಿ ಕೆ.ಜಿ. ಸಾರಜನಕ, 57 ಲಕ್ಷ ಕೆ.ಜಿ. ರಂಜಕ, 29 ಲಕ್ಷ ಟನ್ ಹೂಳು, ಇಷ್ಟನ್ನು ಮೀರುವಂತಿಲ್ಲ. ಅಂದರೆ ಸಾರಜನಕವು ಶೇ 25ರಷ್ಟು, ರಂಜಕ ಶೇ 24ರಷ್ಟು, ಹೂಳು ಶೇ 20ರಷ್ಟು ತಗ್ಗಬೇಕಿತ್ತು, ಅದಕ್ಕೆ ಬೇಕಾದ ಕ್ರಮಗಳೆಲ್ಲ 2025ರ ಹೊತ್ತಿಗೆ ಜಾರಿಯಲ್ಲಿರಬೇಕಿತ್ತು. ರೈತ ಸಂಘಟನೆಗಳು ಈ ಮಿತಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಮಿತಿಯನ್ನು ಎತ್ತಿಹಿಡಿಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ನಿರಾಕರಿಸಿತು. ಆ ಬಳಿಕ ಉಳಿದದ್ದು ಒಂದೇ ಪ್ರಶ್ನೆ: ನೂರಕ್ಕೂ ಹೆಚ್ಚು ಬಗೆಯ ಕ್ರಮಗಳಲ್ಲಿ ಯಾವುದನ್ನು, ಯಾವ ಹಳ್ಳದ ಮೇಲ್ಭಾಗದಲ್ಲಿ, ಎಷ್ಟು ಪ್ರಮಾಣದಲ್ಲಿ ಕೈಗೊಂಡರೆ ಕಡಿಮೆ ಹಣದಲ್ಲಿ ಈ ಮಿತಿಯೊಳಗೆ ಬರಬಹುದು?

ಇದು ಆಪ್ಟಿಮೈಸೇಶನ್ ಎಂಬ ಗಣಿತ ಶಾಖೆಗೆ ಹೇಳಿ ಮಾಡಿಸಿದಂತಹ ಪ್ರಶ್ನೆ. ನಮ್ಮ ಕೈಯಲ್ಲಿರುವ ಆಯ್ಕೆಗಳು ಯಾವುವು, ಕಡಿಮೆ ಅಥವಾ ಹೆಚ್ಚು ಮಾಡಬೇಕಾದದ್ದು ಏನು, ಯಾವ ಮಿತಿಗಳನ್ನು ಮೀರಕೂಡದು ಎಂಬ ಮೂರನ್ನು ಸಮೀಕರಣಗಳಲ್ಲಿ ಬರೆದುಕೊಟ್ಟರೆ ಅದು ಅತ್ಯುತ್ತಮ ಆಯ್ಕೆಯನ್ನು ಹುಡುಕಿಕೊಡುತ್ತದೆ. ಈ ವಿಧಾನ ಏಕೆ ಬೇಕೇ ಬೇಕು, ಎಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬ ಎರಡನ್ನೂ ಚೆಸಪೀಕ್‌ನ ಅನುಭವ ಒಟ್ಟಿಗೇ ತೋರಿಸುತ್ತದೆ. ಕೆರೆ-ನದಿಗಳ ಶುದ್ಧೀಕರಣಕ್ಕೆ ನೂರಾರು ಕೋಟಿಗಳ ಯೋಜನೆ ಹಾಕುತ್ತಿರುವ ನಮಗೆ ಎರಡನೆಯದು ಹೆಚ್ಚು ಮುಖ್ಯ ಎಂದು ನನ್ನ ಭಾವನೆ.

ಒಂದು ಚಿಕ್ಕ ಲೆಕ್ಕ

ಸಂಖ್ಯೆಗಳನ್ನು ಕಲ್ಪಿಸಿಕೊಂಡು ಒಂದು ಲೆಕ್ಕ ಮಾಡೋಣ. ಒಂದು ಕೆರೆಗೆ ಬರುವ ರಂಜಕವನ್ನು ವರ್ಷಕ್ಕೆ 600 ಕೆ.ಜಿ. ತಗ್ಗಿಸಬೇಕು. ದಾರಿಗಳು ಮೂರು. ದೂರದ ಹೊಲಗಳ ಅಂಚಿನಲ್ಲಿ ಹುಲ್ಲು ಮತ್ತು ಮರಗಳ ಪಟ್ಟಿ ಬೆಳೆಸಿದರೆ ಕೆ.ಜಿ.ಗೆ 2,000 ರೂಪಾಯಿ ಖರ್ಚಾಗುತ್ತದೆ, ಹೆಚ್ಚೆಂದರೆ 250 ಕೆ.ಜಿ. ತಡೆಯಬಹುದು. ಚರಂಡಿಗೆ ನುಗ್ಗುತ್ತಿರುವ ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ತಿರುಗಿಸಿದರೆ ಕೆ.ಜಿ.ಗೆ 5,000 ರೂಪಾಯಿ, ಹೆಚ್ಚೆಂದರೆ 400 ಕೆ.ಜಿ. ನಗರದ ಬೀದಿಬದಿಯಲ್ಲಿ ಮಳೆನೀರನ್ನು ಇಂಗಿಸಿ ಸೋಸುವ ಗಿಡದ ಗುಂಡಿಗಳನ್ನು ಮಾಡಿದರೆ ಕೆ.ಜಿ.ಗೆ 30,000 ರೂಪಾಯಿ, ಹೆಚ್ಚೆಂದರೆ 300 ಕೆ.ಜಿ.

ಎಲ್ಲರೂ ಸಮಾನವಾಗಿ ಹೊಣೆ ಹೊರಲಿ ಎಂದು ಮೂರಕ್ಕೂ ತಲಾ 200 ಕೆ.ಜಿ. ಹಂಚಿದರೆ ಒಟ್ಟು ಖರ್ಚು 74 ಲಕ್ಷ ರೂಪಾಯಿ. ಅಗ್ಗದ ದಾರಿಯನ್ನು ಮೊದಲು ಪೂರ್ತಿ ಬಳಸಿಕೊಂಡು ಹೊಲಗಳಲ್ಲಿ 250, ಕೊಳಚೆ ತಿರುಗಿಸುವುದರಿಂದ 350 ಕೆ.ಜಿ. ತಗ್ಗಿಸಿದರೆ 22.5 ಲಕ್ಷ. ಗುರಿ ಅದೇ, ಹಣ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಆದರೆ ದೂರದ ಹೊಲದಿಂದ ಹೊರಟ ರಂಜಕವೆಲ್ಲ ಕೆರೆಗೆ ಬರುವುದಿಲ್ಲ. ದಾರಿಯ ಹಳ್ಳ, ಗುಂಡಿ, ಗದ್ದೆಗಳಲ್ಲಿ ಬಹುಪಾಲು ನಿಂತುಬಿಡುತ್ತದೆ. ಶೇ 30 ಮಾತ್ರ ಕೆರೆಯನ್ನು ತಲುಪುತ್ತದೆ ಎಂದುಕೊಳ್ಳಿ. ಆಗ ಹೊಲದಲ್ಲಿ 250 ಕೆ.ಜಿ. ತಡೆದರೂ ಕೆರೆಗೆ ಆಗುವ ಲಾಭ 75 ಕೆ.ಜಿ. ಮಾತ್ರ, ಕೆರೆಯ ಲೆಕ್ಕದಲ್ಲಿ ಅದರ ಬೆಲೆ ಕೆ.ಜಿ.ಗೆ ಸುಮಾರು 6,670 ರೂಪಾಯಿ. ಈಗ ಕೊಳಚೆ ತಿರುಗಿಸುವುದೇ ಮೊದಲ ಆಯ್ಕೆಯಾಗುತ್ತದೆ. ಅದರ 400 ಕೆ.ಜಿ.ಗೆ 20 ಲಕ್ಷ, ಹೊಲಗಳ 75 ಕೆ.ಜಿ.ಗೆ 5 ಲಕ್ಷ, ಉಳಿದ 125 ಕೆ.ಜಿ.ಯನ್ನು ನಗರದಲ್ಲೇ ತಗ್ಗಿಸಲು 37.5 ಲಕ್ಷ, ಹೀಗೆ ಒಟ್ಟು 62.5 ಲಕ್ಷ. ತಲಾ 200 ಕೆ.ಜಿ.ಯ ಸಮಾನ ಹಂಚಿಕೆಯಂತೂ ಸಾಧ್ಯವೇ ಇಲ್ಲ. ಬದಲಾದದ್ದು ಒಂದೇ ಒಂದು ಅಂಕಿ, ಅದೂ ಯಾರೂ ಕಣ್ಣಾರೆ ಕಾಣದ, ಅಳೆಯಲು ಬಹಳ ಕಷ್ಟವಾದ ಅಂಕಿ. ಆದರೂ ಯೋಜನೆಯ ಕ್ರಮವೇ ತಲೆಕೆಳಗಾಯಿತು, ವೆಚ್ಚ ಹೆಚ್ಚುಕಡಿಮೆ ಮೂರು ಪಟ್ಟಾಯಿತು.

ಈ ಲೆಕ್ಕ ಇನ್ನೂ ಒಂದು ವಿಷಯ ಹೇಳುತ್ತದೆ. ಗುರಿಯನ್ನು 600ರಿಂದ 601 ಕೆ.ಜಿ.ಗೆ ಏರಿಸಿದರೆ ಮೊದಲ ಸಂದರ್ಭದಲ್ಲಿ ಹೆಚ್ಚುವರಿ ಖರ್ಚು 5,000 ರೂಪಾಯಿ, ಎರಡನೆಯದರಲ್ಲಿ 30,000 ರೂಪಾಯಿ. ಅರ್ಥಶಾಸ್ತ್ರಜ್ಞರು ಇದನ್ನು ನೆರಳು ಬೆಲೆ ಎನ್ನುತ್ತಾರೆ. ಯೋಜನೆಯ ಒಟ್ಟು ವೆಚ್ಚಕ್ಕಿಂತ ಈ ಸಂಖ್ಯೆಯೇ ಆಡಳಿತಗಾರರಿಗೆ ಹೆಚ್ಚು ಉಪಯುಕ್ತ. ಯಾವ ಮಿತಿ ನಮ್ಮನ್ನು ನಿಜವಾಗಿ ಕಟ್ಟಿಹಾಕಿದೆ, ಅದನ್ನು ಸ್ವಲ್ಪ ಸಡಿಲಿಸಿದರೆ ಅಥವಾ ಬಿಗಿಗೊಳಿಸಿದರೆ ಏನಾಗುತ್ತದೆ ಎಂದು ಅದು ನೇರವಾಗಿ ತಿಳಿಸುತ್ತದೆ.

ಡೆಲವೇರ್‌ನಿಂದ ಕಾನ್ಪುರದವರೆಗೆ

ನೀರಿನ ಮಾಲಿನ್ಯಕ್ಕೆ ಈ ಗಣಿತವನ್ನು ಅನ್ವಯಿಸುವುದು ಹೊಸದೇನಲ್ಲ. ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ಲೀನಿಯರ್ ಪ್ರೋಗ್ರಾಮಿಂಗ್‌ಗೆ, ಅಂದರೆ ಸರಳರೇಖೆಯ ಸಮೀಕರಣಗಳಷ್ಟೇ ಇರುವ ಆಪ್ಟಿಮೈಸೇಶನ್‌ಗೆ, ಸಿಂಪ್ಲೆಕ್ಸ್ ಎಂಬ ಲೆಕ್ಕದ ವಿಧಾನವನ್ನು ರೂಪಿಸಿದರು. 1960ರ ದಶಕದಲ್ಲೇ ಅಮೆರಿಕದ ಡೆಲವೇರ್ ನದಿಯ ಅಳಿವೆಯನ್ನು ಕುರಿತ ಅಧ್ಯಯನದಲ್ಲಿ, ಕಾರ್ಖಾನೆ ಮತ್ತು ಪಟ್ಟಣಗಳೆಲ್ಲ ಒಂದೇ ಪ್ರಮಾಣದಲ್ಲಿ ಕೊಳಚೆ ಶುದ್ಧೀಕರಿಸುವುದು ಎಷ್ಟು ದುಬಾರಿ, ಜಾಗ ನೋಡಿ ಹೊಣೆ ಹಂಚಿದರೆ ಎಷ್ಟು ಉಳಿತಾಯ ಎಂದು ಲೆಕ್ಕ ಹಾಕಿದ್ದರು. ಅಲ್ಲಿ ಮಾಲಿನ್ಯ ಹೊರಬೀಳುತ್ತಿದ್ದದ್ದು ಎಣಿಸಬಹುದಾದಷ್ಟು ಕೊಳವೆಗಳಿಂದ. ಆದ್ದರಿಂದ ಸರಳರೇಖೆಯ ಸಮೀಕರಣಗಳೇ ಸಾಕಾಗಿದ್ದವು.

ಮಳೆನೀರಿನ ಮಾಲಿನ್ಯ ಹಾಗಲ್ಲ. ಅದಕ್ಕೆ ಕೊಳವೆಯ ಬಾಯಿ ಇಲ್ಲ. ಒಂದೇ ಹೊಲದಲ್ಲಿ ಎರಡು ಕ್ರಮ ಕೈಗೊಂಡರೆ ಎರಡರ ಫಲವನ್ನು ಕೂಡಿಸಲೂ ಬರುವುದಿಲ್ಲ. ಮೊದಲನೆಯದು ಶೇ 40 ತಡೆದರೆ, ಶೇ 50 ತಡೆಯಬಲ್ಲ ಎರಡನೆಯದು ಉಳಿದ 60ರಲ್ಲಿ ಅರ್ಧವನ್ನು ಮಾತ್ರ ತಡೆಯುತ್ತದೆ, ಒಟ್ಟು ಫಲ ಶೇ 70. ಗಾತ್ರದ ವಿಷಯವೂ ಹೀಗೆಯೇ. ವರ್ಷದಲ್ಲಿ ಬೀಳುವ ಮಳೆಗಳಲ್ಲಿ ಬಹುಪಾಲು ಸಣ್ಣವು, ಆರಂಭದ ಹರಿವಿನಲ್ಲೇ ಕೊಳೆ ಹೆಚ್ಚು. ಹೀಗಾಗಿ ಇಂಗುಗುಂಡಿಯ ಮೊದಲ ಒಂದಿಷ್ಟು ಗಾತ್ರ ತುಂಬ ಕೆಲಸ ಮಾಡುತ್ತದೆ, ಅದನ್ನು ಎರಡು ಪಟ್ಟು ಮಾಡಿದರೆ ಫಲ ಎರಡು ಪಟ್ಟಾಗುವುದಿಲ್ಲ. ಬಾಸ್ಟನ್ನಿನ ಚಾರ್ಲ್ಸ್ ನದಿಯ ರಂಜಕವನ್ನು ತಗ್ಗಿಸಲು ಇಪಿಎ ಇಂತಹ ವಕ್ರರೇಖೆಗಳನ್ನೇ ಆಧರಿಸಿ ‘ಆಪ್ಟಿ-ಟೂಲ್’ ಎಂಬ ಲೆಕ್ಕದ ಸಾಧನವನ್ನು ನ್ಯೂ ಇಂಗ್ಲೆಂಡ್ ಪ್ರದೇಶದ ಪಟ್ಟಣಗಳಿಗೆ ಒದಗಿಸಿತು. ಕೆಲವೇ ಕಡೆ ದೊಡ್ಡ ರಚನೆಗಳನ್ನು ಕಟ್ಟುವ ಬದಲು ಹಲವು ಕಡೆ ಚಿಕ್ಕವನ್ನು ಕಟ್ಟಿದರೆ ಅದೇ ಹಣದಲ್ಲಿ ಹೆಚ್ಚು ರಂಜಕ ತಡೆಯಬಹುದು ಎಂಬುದು ಇಂತಹ ರೇಖೆಗಳಿಂದ ಸಹಜವಾಗಿ ಹೊರಡುವ ಫಲಿತಾಂಶ.

ಇನ್ನು ಆಯ್ಕೆಗಳ ಸಂಖ್ಯೆ. ಇಪ್ಪತ್ತು ಜಾಗಗಳಲ್ಲಿ ತಲಾ ಐದು ಗಾತ್ರಗಳ ಆಯ್ಕೆ ಇದ್ದರೆ ಸಾಧ್ಯವಿರುವ ಯೋಜನೆಗಳು ಸುಮಾರು 95 ಲಕ್ಷ ಕೋಟಿ. ಚೆಸಪೀಕ್‌ನಲ್ಲಿ ಒಂದು ಕೌಂಟಿಗೇ, ಅಂದರೆ ಅಲ್ಲಿನ ಒಂದು ಜಿಲ್ಲೆಗೇ, ಹೀಗೆ ನಿರ್ಧರಿಸಬೇಕಾದ ಸಾವಿರಾರು ಚರಾಂಶಗಳಿವೆ, ಇಡೀ ಜಲಾನಯನಕ್ಕೆ ಅವು ಲಕ್ಷಗಳನ್ನು ದಾಟುತ್ತವೆ. ಪ್ರತಿಯೊಂದನ್ನೂ ಪರೀಕ್ಷಿಸುವುದು ಅಸಾಧ್ಯ. ಇಲ್ಲಿ ಉಪಯೋಗಕ್ಕೆ ಬಂದ ವಿಧಾನಗಳಲ್ಲಿ ಒಂದು ಭಾರತದಲ್ಲೇ ಹುಟ್ಟಿದ್ದು. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮೊಯ್ ದೇಬ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ‘ಎನ್‌ಎಸ್‌ಜಿಎ-2’ ಎಂಬ ಅಲ್ಗಾರಿದಂ ಜೀವವಿಕಾಸದ ಕ್ರಮವನ್ನು ಅನುಸರಿಸುತ್ತದೆ. ನೂರಾರು ಯೋಜನೆಗಳ ಒಂದು ಗುಂಪನ್ನು ಇಟ್ಟುಕೊಂಡು, ಅವುಗಳ ಅಂಶಗಳನ್ನು ಒಂದಕ್ಕೊಂದು ಬೆರೆಸಿ, ಅಲ್ಲಲ್ಲಿ ಬದಲಿಸಿ, ವೆಚ್ಚ ಮತ್ತು ಮಾಲಿನ್ಯ ಎರಡರಲ್ಲೂ ಬೇರೊಂದಕ್ಕೆ ಸೋಲುವ ಯೋಜನೆಗಳನ್ನು ಪ್ರತಿ ಪೀಳಿಗೆಯಲ್ಲೂ ಹಿಂದಕ್ಕೆ ಸರಿಸುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದೇ ಉತ್ತರವಲ್ಲ, ಉತ್ತರಗಳ ಒಂದು ರೇಖೆ: ಇಷ್ಟು ಹಣಕ್ಕೆ ಹೆಚ್ಚೆಂದರೆ ಇಷ್ಟು ಶುದ್ಧತೆ. ಇಪಿಎ 2009ರಲ್ಲಿ ಹೊರತಂದ, ನಗರದ ಮಳೆನೀರಿನ ಯೋಜನೆಗೆಂದೇ ರೂಪಿಸಿದ ‘ಸಸ್ಟೇನ್’ ತಂತ್ರಾಂಶದ ಒಳಗೆ ಇದೇ ವಿಧಾನ ಕೆಲಸ ಮಾಡುತ್ತದೆ. ಈಗ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ದೇಬ್ ಅವರ ತಂಡ, ಕೊಲ್ಲಿಯ ಶುದ್ಧೀಕರಣಕ್ಕೆ ರಾಜ್ಯಗಳು ಮತ್ತು ಇಪಿಎ ಸೇರಿ ನಡೆಸುವ ಚೆಸಪೀಕ್ ಕಾರ್ಯಕ್ರಮದ ತಜ್ಞರ ಜೊತೆ ಸೇರಿ ಕೊಲ್ಲಿಯ ಜಲಾನಯನಕ್ಕೆ ಆಪ್ಟಿಮೈಸೇಶನ್ ವಿಧಾನಗಳನ್ನು ರೂಪಿಸುವ ಕೆಲಸ ಮಾಡಿದೆ.

ಮಾದರಿ ಎಲ್ಲಿ ಉದಾರವೋ ಅಲ್ಲಿಗೇ ಹೋಗುವ ಲೆಕ್ಕ

2010ರ ನಂತರ ರಾಜ್ಯಗಳು ತಮ್ಮ ಯೋಜನೆಗಳನ್ನು ರೂಪಿಸುವಾಗ ಬಹುಮಟ್ಟಿಗೆ ಆಪ್ಟಿಮೈಸೇಶನ್ ಬಳಸಲಿಲ್ಲ. ಬೇರೆ ಬೇರೆ ಕ್ರಮಗಳನ್ನು ಕೊಲ್ಲಿಯ ಕಂಪ್ಯೂಟರ್ ಮಾದರಿಗೆ ಹಾಕಿ, ಬಂದ ಫಲಿತಾಂಶ ನೋಡಿ ಆರಿಸಿಕೊಂಡವು. ಆ ಮಾದರಿಯಲ್ಲಿ ಪ್ರತಿ ಕ್ರಮಕ್ಕೂ ಒಂದು ದಕ್ಷತೆಯ ಅಂಕಿ ಇರುತ್ತದೆ. ಚಳಿಗಾಲದ ಹೊದಿಕೆ ಬೆಳೆಗೆ ಇಷ್ಟು, ಗೊಬ್ಬರ ನಿರ್ವಹಣಾ ಯೋಜನೆಗೆ ಇಷ್ಟು, ಹಳ್ಳದ ದಂಡೆಯ ಮರಗಳಿಗೆ ಇಷ್ಟು. ರೈತ ಆ ಕ್ರಮ ಕೈಗೊಂಡಿದ್ದಾನೆ ಎಂದು ದಾಖಲಾದರೆ ಸಾಕು, ರಾಜ್ಯದ ಖಾತೆಗೆ ಅಷ್ಟು ಕಡಿತ ಜಮಾ ಆಗುತ್ತದೆ.

ಕೊಳಚೆ ಘಟಕಗಳ ವಿಷಯದಲ್ಲಿ ಈ ಲೆಕ್ಕ ಸರಿಯಾಗಿಯೇ ನಡೆಯಿತು. ವಾಷಿಂಗ್ಟನ್ನಿನ ಬ್ಲೂ ಪ್ಲೇನ್ಸ್‌ನಂತಹ ಬೃಹತ್ ಘಟಕಗಳು ಮೇಲ್ದರ್ಜೆಗೇರಿದವು, ಅವುಗಳ ಕೊಳವೆಯ ಬಾಯಲ್ಲಿ ಸಾರಜನಕ ಎಷ್ಟು ಎಂದು ಅಳೆಯಬಹುದಿತ್ತು, ಅದು ತಗ್ಗಿತು. ಹೊಲ ಮತ್ತು ಬೀದಿಗಳ ಕಥೆ ಬೇರೆಯಾಯಿತು. ಕೊಲ್ಲಿ ಕಾರ್ಯಕ್ರಮದ ವೈಜ್ಞಾನಿಕ ಸಲಹಾ ಸಮಿತಿ 2023ರ ಮೇ ತಿಂಗಳಲ್ಲಿ ಹೊರತಂದ ವಿಸ್ತೃತ ವರದಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು: ಚದುರಿದ ಮೂಲಗಳ ಮಾಲಿನ್ಯ ಮಾದರಿ ಹೇಳುವಷ್ಟು ತಗ್ಗಿರುವಂತೆ ಕಾಣುತ್ತಿಲ್ಲ, ಈಗಿರುವ ಕಾರ್ಯಕ್ರಮಗಳಿಂದ ಗುರಿ ಮುಟ್ಟುವುದು ಕಷ್ಟ. ಕಾರಣಗಳು ಹಲವು. ಅಂತರ್ಜಲಕ್ಕೆ ಇಳಿದ ಸಾರಜನಕ ಹಳ್ಳಕ್ಕೆ ಬರಲು ವರ್ಷಗಳು, ಕೆಲವೆಡೆ ದಶಕಗಳೇ ಬೇಕು. ಕೋಳಿ-ದನ ಸಾಕಣೆ ದಟ್ಟವಾಗಿರುವ ಕಡೆ ಮೇವಿನ ರೂಪದಲ್ಲಿ ಹೊರಗಿನಿಂದ ಬಂದಿಳಿಯುವ ಪೋಷಕಾಂಶವೇ ಅಲ್ಲಿನ ನೆಲ ತಾಳಬಲ್ಲದ್ದಕ್ಕಿಂತ ಹೆಚ್ಚು, ದಂಡೆಯ ಹಸಿರು ಪಟ್ಟಿ ಅದನ್ನು ಸರಿದೂಗಿಸಲಾರದು. ಸಸ್ಕ್ವೆಹನ್ನಾ ನದಿಯ ಕೊನೋವಿಂಗೊ ಅಣೆಕಟ್ಟು 2025ರವರೆಗೂ ಹೂಳನ್ನು ಹಿಡಿದಿಡುತ್ತದೆ ಎಂದು 2010ರ ಲೆಕ್ಕ ನಂಬಿತ್ತು. 1928ರ ಆ ಜಲಾಶಯ ಅದಕ್ಕೂ ಮೊದಲೇ ಹೂಳು ತುಂಬಿ ತಡೆಯುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿತ್ತು. ಕೊಲ್ಲಿಯ ಸಿಹಿನೀರಿನಲ್ಲಿ ಸುಮಾರು ಅರ್ಧ ಆ ನದಿಯದೇ. ಹೀಗಾಗಿ ಒಂದೇ ಊಹೆ ತಪ್ಪಿದ್ದಕ್ಕೆ ವರ್ಷಕ್ಕೆ ಸುಮಾರು 27 ಲಕ್ಷ ಕೆ.ಜಿ. ಸಾರಜನಕದ ಹೊಸ ಹೊಣೆಯೊಂದು ಎದುರಾಗಿ, ಅದಕ್ಕೇ ಪ್ರತ್ಯೇಕ ಯೋಜನೆ ಬೇಕಾಯಿತು.

ಇಲ್ಲಿ ಗಣಿತದ ಒಂದು ಸ್ವಭಾವವನ್ನು ಗಮನಿಸಬೇಕು. ದಕ್ಷತೆಯ ಅಂಕಿಗಳಲ್ಲಿ ಕೆಲವು ನಿಜಕ್ಕಿಂತ ಹೆಚ್ಚು, ಕೆಲವು ಕಡಿಮೆ ಇರುತ್ತವೆ. ಕಣ್ಣುಮುಚ್ಚಿ ಆರಿಸಿದರೆ ಈ ತಪ್ಪುಗಳು ಸರಾಸರಿಯಲ್ಲಿ ಒಂದನ್ನೊಂದು ಅಳಿಸುತ್ತವೆ. ಆದರೆ ಆಪ್ಟಿಮೈಸೇಶನ್ ಕಣ್ಣುಮುಚ್ಚಿ ಆರಿಸುವುದಿಲ್ಲ. ಕಡಿಮೆ ಹಣಕ್ಕೆ ಹೆಚ್ಚು ಫಲ ಕೊಡುವಂತೆ ಕಾಣುವ ಕ್ರಮಗಳನ್ನೇ ಹುಡುಕಿ ಹುಡುಕಿ ಆರಿಸುತ್ತದೆ. ಹಾಗೆ ಕಾಣುವ ಕ್ರಮಗಳಲ್ಲಿ ನಿಜಕ್ಕೂ ಒಳ್ಳೆಯವೂ ಇರುತ್ತವೆ, ಅಂಕಿ ತಪ್ಪಾಗಿ ಉಬ್ಬಿದ್ದರಿಂದ ಒಳ್ಳೆಯವಾಗಿ ಕಂಡವೂ ಇರುತ್ತವೆ. ಹುಡುಕಾಟ ಚುರುಕಾದಷ್ಟೂ ಎರಡನೆಯ ಬಗೆಯವು ಯೋಜನೆಯೊಳಗೆ ಹೆಚ್ಚು ನುಸುಳುತ್ತವೆ. ಹಾಗಾಗಿ ಅತ್ಯುತ್ತಮ ಎಂದು ಹೊರಬಂದ ಯೋಜನೆಯ ನಿಜವಾದ ಫಲ, ಕಾಗದದ ಮೇಲಿನ ಫಲಕ್ಕಿಂತ ಕಡಿಮೆ ಇರುವ ಸಂಭವವೇ ಹೆಚ್ಚು. ಮನುಷ್ಯರು ಕೈಯಾರೆ ಆರಿಸಿದಾಗಲೇ ಚೆಸಪೀಕ್‌ನಲ್ಲಿ ಈ ಅಂತರ ಕಂಡಿತು. ಅದೇ ಅಂಕಿಗಳ ಮೇಲೆ ಚುರುಕಾದ ಅಲ್ಗಾರಿದಂ ಅನ್ನು ಬಿಟ್ಟರೆ ಅಂತರ ಹಿಗ್ಗಬಹುದೇ ಹೊರತು ಕುಗ್ಗುವುದಿಲ್ಲ.

ಇದಕ್ಕೆ ಪರಿಹಾರವೂ ಅದೇ ಗಣಿತದಲ್ಲಿ ಇದೆ. ದಕ್ಷತೆ ಶೇ 40 ಎಂದು ಒಂದೇ ಅಂಕಿ ಬರೆಯುವ ಬದಲು 20ರಿಂದ 50ರ ನಡುವೆ ಎಲ್ಲಾದರೂ ಇರಬಹುದು ಎಂದು ಬರೆದು, ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಗುರಿ ಮುಟ್ಟುವ ಯೋಜನೆಯನ್ನು ಕೇಳಬಹುದು. ಆಗ ವೆಚ್ಚ ಏರುತ್ತದೆ, ಆದರೆ ಅನುಮಾನದ ಬೆಲೆ ಎಷ್ಟು ಎಂಬುದು ಮೊದಲೇ ಗೊತ್ತಾಗುತ್ತದೆ. ಯಾವ ಅಂಕಿಯನ್ನು ಚೆನ್ನಾಗಿ ಅಳೆದರೆ ಯೋಜನೆಯ ವೆಚ್ಚ ಹೆಚ್ಚು ಇಳಿಯುತ್ತದೆ ಎಂಬುದನ್ನೂ ಈ ಲೆಕ್ಕ ತೋರಿಸುತ್ತದೆ. ಅಂದರೆ ಮಾಪನಕ್ಕೆ ಹಣ ಎಲ್ಲಿ ಹಾಕಬೇಕು ಎಂಬುದೂ ಆಪ್ಟಿಮೈಸೇಶನ್‌ನ ಪ್ರಶ್ನೆಯೇ. 2023ರ ವರದಿಯ ತಜ್ಞರು ಕ್ರಮ ಕೈಗೊಂಡಿದ್ದಕ್ಕೆ ಹಣ ಕೊಡುವುದರ ಬದಲು ಮಾಲಿನ್ಯ ತಗ್ಗಿದ್ದಕ್ಕೆ ಹಣ ಕೊಡುವತ್ತ ಸಾಗಬೇಕು ಎಂದು ಸೂಚಿಸಿದ್ದು ಇದೇ ಕಾರಣಕ್ಕೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 2025ರ ಗಡುವು ತಪ್ಪುವುದು ಖಚಿತವಾದ ಮೇಲೆ, 2024ರ ಡಿಸೆಂಬರ್‌ನಲ್ಲಿ ರಾಜ್ಯಗಳು ಇಡೀ ಒಪ್ಪಂದವನ್ನೇ ಪರಿಷ್ಕರಿಸಲು ನಿರ್ಧರಿಸಿದವು.

ಅಗ್ಗದ ಯೋಜನೆಯ ಭಾರ ಯಾರ ಮೇಲೆ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಒಟ್ಟು ವೆಚ್ಚವನ್ನು ಮಾತ್ರ ಕಡಿಮೆ ಮಾಡಿ ಎಂದು ಕೇಳಿದರೆ, ಕೊಲ್ಲಿಯ ಒಂದಡಿ ದಂಡೆಯೂ ಇಲ್ಲದ ಪೆನ್ಸಿಲ್ವೇನಿಯಾದ ಹೊಲಗಳ ಮೇಲೆ ಹೊಣೆಯ ದೊಡ್ಡ ಪಾಲು ಬೀಳುತ್ತದೆ, ಬಾಲ್ಟಿಮೋರ್‌ನಂತಹ ನಗರದೊಳಗಿನ ಬಡ ಬಡಾವಣೆಗಳ ತೊರೆಗಳು ಕೊಳಕಾಗಿಯೇ ಉಳಿಯುತ್ತವೆ. ಹಣ ತರುವುದೂ ಸುಲಭವಲ್ಲ. ಮೇರಿಲ್ಯಾಂಡ್ 2012ರಲ್ಲಿ ತನ್ನ ದೊಡ್ಡ ಕೌಂಟಿಗಳು ಮಳೆನೀರು ಶುಲ್ಕ ವಿಧಿಸುವುದನ್ನು ಕಡ್ಡಾಯ ಮಾಡಿತು. ಅದಕ್ಕೆ ‘ಮಳೆ ತೆರಿಗೆ’ ಎಂದು ಹೆಸರು ಬಿದ್ದು, ರಾಜಕೀಯ ವಿರೋಧ ಎದ್ದು, 2015ರಲ್ಲಿ ಕಡ್ಡಾಯವನ್ನು ಹಿಂದೆಗೆದುಕೊಳ್ಳಬೇಕಾಯಿತು. ನ್ಯಾಯವನ್ನು ಒಂದು ಮಿತಿಯಾಗಿ ಸಮೀಕರಣದೊಳಗೇ ಬರೆಯಬಹುದು. ಪ್ರತಿ ತೊರೆಯಲ್ಲೂ ಕನಿಷ್ಠ ಇಷ್ಟು ಸುಧಾರಣೆ ಇರಲೇಬೇಕು, ಯಾವ ರೈತನ ಮೇಲೂ ಇಷ್ಟಕ್ಕಿಂತ ಹೆಚ್ಚು ಭಾರ ಬೀಳಬಾರದು ಎಂದು. ಆಗ ಆ ನ್ಯಾಯಕ್ಕೆ ಎಷ್ಟು ಹಣ ಎಂಬುದು ಎಲ್ಲರಿಗೂ ಕಾಣುತ್ತದೆ, ಚರ್ಚೆ ಅಲ್ಲಿಂದ ಶುರುವಾಗಬಹುದು.

ತುಂಗಭದ್ರೆ, ಬೆಳ್ಳಂದೂರು

ಈ ವಿದ್ಯೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಪಿ. ಮುಜುಂದಾರ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಕೊನೆಯಿಂದಲೇ ನದಿಗೆ ಬಿಡುವ ತ್ಯಾಜ್ಯದ ಹೊಣೆಯನ್ನು ಹಂಚಲು ಅಸ್ಪಷ್ಟ ತರ್ಕದ, ಅಂದರೆ ಫಜ್ಜಿ ಆಪ್ಟಿಮೈಸೇಶನ್‌ನ ಮಾದರಿಗಳನ್ನು ರೂಪಿಸಿ, ತುಂಗಭದ್ರಾ ನದಿಗೆ ಅನ್ವಯಿಸಿ ತೋರಿಸಿದ್ದಾರೆ. ನದಿಯನ್ನು ಕಾಯುವವರಿಗೆ ನೀರು ಆದಷ್ಟು ಶುದ್ಧವಾಗಿರಬೇಕು, ತ್ಯಾಜ್ಯ ಬಿಡುವವರಿಗೆ ಶುದ್ಧೀಕರಣದ ಖರ್ಚು ಆದಷ್ಟು ಕಡಿಮೆ ಇರಬೇಕು. ಎರಡೂ ಕಡೆಯವರ ತೃಪ್ತಿಯನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಬರೆದು, ಅವರಲ್ಲಿ ಅತ್ಯಂತ ಕಡಿಮೆ ತೃಪ್ತರಾದವರ ಮಟ್ಟವನ್ನು ಆದಷ್ಟು ಏರಿಸುವ ಹಂಚಿಕೆಯನ್ನು ಈ ವಿಧಾನ ಹುಡುಕುತ್ತದೆ. ಮಿತಿಯ ಈಚೆ ಶುದ್ಧ, ಆಚೆ ಮಲಿನ ಎಂಬ ಗೆರೆಯೂ ಇಲ್ಲಿ ಕಡ್ಡಿ ಮುರಿದಂತಿರುವುದಿಲ್ಲ. ಅನಿಶ್ಚಿತತೆ ಮತ್ತು ನ್ಯಾಯ ಎರಡನ್ನೂ ಲೆಕ್ಕದ ಒಳಗೇ ಇಟ್ಟ ಈ ಕೆಲಸ ನಮ್ಮ ಯೋಜನಾ ವರದಿಗಳೊಳಗೆ ಬರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳಿ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿದ್ದು, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಕೆರೆಯ ಮೇಲೆ ಬೆಂಕಿ ಹೊತ್ತಿದ್ದು ದೇಶವೆಲ್ಲ ನೋಡಿದ ಸಂಗತಿ. ಬೆಂಗಳೂರಿನಲ್ಲಿ ಒಳಚರಂಡಿಯೂ ಮಳೆನೀರಿನ ರಾಜಕಾಲುವೆಯೂ ಕಾಗದದ ಮೇಲೆ ಬೇರೆ ಬೇರೆ. ಬೇಸಿಗೆಯಲ್ಲಿ ರಾಜಕಾಲುವೆಯಲ್ಲಿ ಹರಿಯುವ ಕಪ್ಪು ನೀರು ಆ ಮಾತನ್ನು ಸುಳ್ಳಾಗಿಸುತ್ತದೆ. ಮೇಲಿನ ಚಿಕ್ಕ ಲೆಕ್ಕದಲ್ಲಿದ್ದ ಕೊಳಚೆ ತಿರುಗಿಸುವ ಆಯ್ಕೆಯೇ ಇಲ್ಲಿ ಮೊದಲ ಸ್ಥಾನದಲ್ಲಿರಲು ಎಲ್ಲ ಕಾರಣಗಳಿವೆ, ಅದಕ್ಕೆ ಅಲ್ಗಾರಿದಂ ಬೇಕಿಲ್ಲ. ಆದರೆ ಯಾವ ಕವಲನ್ನು ಮೊದಲು ತಿರುಗಿಸಬೇಕು, ಕೆರೆಯ ಬಾಯಲ್ಲಿ ಜೌಗು ಬೆಳೆಸುವುದಕ್ಕೆ ಎಷ್ಟು ಹಣ, ಮೇಲಿನ ಬಡಾವಣೆಗಳಲ್ಲಿ ಇಂಗುಗುಂಡಿಗೆ ಎಷ್ಟು ಎಂದು ಕೇಳಿದ ಕೂಡಲೇ ಅಳತೆಯ ಅಂಕಿಗಳು ಬೇಕಾಗುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದ ಮೇಲೆ ರಾಜಕಾಲುವೆಯ ಚರ್ಚೆಯೆಲ್ಲ ಪ್ರವಾಹದ ಸುತ್ತಲೇ ನಡೆಯುತ್ತಿದೆ. ಪ್ರವಾಹಕ್ಕೆ ಲೆಕ್ಕ ಹಾಕಬೇಕಾದದ್ದು ಅಪರೂಪದ ದೊಡ್ಡ ಮಳೆಯನ್ನು, ಮಾಲಿನ್ಯಕ್ಕೆ ಲೆಕ್ಕ ಹಾಕಬೇಕಾದದ್ದು ವರ್ಷದ ಹತ್ತಾರು ಸಣ್ಣ ಮಳೆಗಳನ್ನು. ಕಾಲುವೆಗೆ ಕಾಂಕ್ರೀಟ್ ಹೊದಿಸಿ ಅಗಲ ಮಾಡಿದರೆ ನೀರು ಬೇಗ ಇಳಿಯುತ್ತದೆ ನಿಜ, ಆದರೆ ದಾರಿಯಲ್ಲಿ ಇಂಗುವುದು ತಪ್ಪಿ, ಬೀದಿಯ ಕೊಳೆ ಅಷ್ಟೇ ಬೇಗ ಕೆರೆಗೆ ಸೇರುತ್ತದೆ. ಒಂದು ಗುರಿಗೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದಾಗುವ ಇಂತಹ ಸಂದರ್ಭಕ್ಕೆಂದೇ ಎರಡು ಗುರಿಗಳ ರೇಖೆ ಎಳೆಯುವ ವಿಧಾನಗಳು ಇರುವುದು. ಪ್ರವಾಹದ ಅಪಾಯ, ಕೆರೆಗೆ ಸೇರುವ ರಂಜಕ, ಖರ್ಚು, ಈ ಮೂರನ್ನೂ ಒಂದೇ ನಕ್ಷೆಯಲ್ಲಿಟ್ಟು ನೋಡದೆ ಕಾಲುವೆಯ ಅಗಲ ನಿರ್ಧರಿಸುವುದು ಅರ್ಧ ಲೆಕ್ಕ.

ಅಂತಹ ನಕ್ಷೆಗೆ ಬೇಕಾದ ಅಂಕಿಗಳು ಕೆರೆಯಿಂದ ತಿಂಗಳಿಗೊಂದು ಬಾಟಲಿ ನೀರು ತೆಗೆದರೆ ಸಿಗುವುದಿಲ್ಲ. ಮಳೆ ಶುರುವಾದ ಮೊದಲ ಅರ್ಧ ಗಂಟೆಯಲ್ಲಿ ಕಾಲುವೆಯಲ್ಲಿ ಏನು ಬಂತು ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಬೆಳ್ಳಂದೂರಿಗೆ ನೀರು ತರುವ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಪ್ರತಿ ಮುಖ್ಯ ಕವಲಿನ ಬಾಯಲ್ಲಿ ಹರಿವನ್ನು ಎಡೆಬಿಡದೆ ಅಳೆಯುವ ಸಾಧನ, ಮಳೆ ಬಂದಾಗ ತಾನಾಗಿಯೇ ಕೆಲವು ನಿಮಿಷಗಳಿಗೊಮ್ಮೆ ನೀರಿನ ಮಾದರಿ ತೆಗೆದುಕೊಳ್ಳುವ ಯಂತ್ರ, ಮೇಲಿನ ಬಡಾವಣೆಗಳಲ್ಲಿ ಮಳೆಮಾಪಕಗಳು, ಇವಿಷ್ಟರಿಂದ ಕನಿಷ್ಠ ಎರಡು ಮುಂಗಾರುಗಳ ದಾಖಲೆ ಸಿಗಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ಪರಿಶೀಲಿಸುವಂತೆ ಪ್ರಕಟಿಸಬೇಕು. ಬೇಸಿಗೆಯ ಹರಿವಿನ ಅಳತೆ ಕೊಳಚೆಯ ಪಾಲನ್ನೂ, ಮಳೆಯ ಹೊತ್ತಿನ ಅಳತೆ ಬೀದಿಯ ಪಾಲನ್ನೂ ಬೇರ್ಪಡಿಸಿ ಕೊಡುತ್ತವೆ. ಕಟ್ಟಿದ ಪ್ರತಿ ಜೌಗು ಮತ್ತು ಇಂಗುಗುಂಡಿಗಳ ಒಳಹರಿವು-ಹೊರಹರಿವುಗಳನ್ನೂ ಹೀಗೆಯೇ ಅಳೆದರೆ, ಮುಂದಿನ ಹಂತದ ಲೆಕ್ಕಕ್ಕೆ ಬೇರೆ ದೇಶದ ಮಣ್ಣು-ಮಳೆಗಳಲ್ಲಿ ಸಿದ್ಧವಾದ ದಕ್ಷತೆಯ ಕೋಷ್ಟಕಗಳನ್ನು ಎರವಲು ತರಬೇಕಾಗುವುದಿಲ್ಲ.